ಸಾಹೇಬರ ನಾಯಿ, ನನ್ನ ಮಾತು

ಬೂಟು ಕಚ್ಚಿದ್ದು ನಾಯಿಮರಿ. ಆ ಬೂಟನ್ನು ತಲೆಯ ಮೇಲೆ ಹೊತ್ತು ಇಡೀ ಹಗಲು ನಿಂತವನು ನಾನು.

ಆಳಂದದ ತಹಸೀಲು ಕಚೇರಿಯ ಅಂಗಳದಲ್ಲಿ, ಬೇವಿನ ಗಿಡದ ನೆರಳೂ ಬೀಳದ ಜಾಗ ನೋಡಿ ತಹಸೀಲ್ದಾರ ಸಾಹೇಬರು ನನ್ನನ್ನು ನಿಲ್ಲಿಸಿದ್ದರು. ಅರ್ಜಿ ಹಿಡಿದು ಬಂದವರು, ಪೇಟೆಗೆ ತೊಗರಿ ತಂದು ಕಚೇರಿಗೂ ಹಣಿಕಿ ಹಾಕಿದವರು, ಗುಮಾಸ್ತರು, ಎಲ್ಲರೂ ನೋಡಿದರು. ಕೆಲವರು ನಕ್ಕರು. ನಗದವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು, ಅವರು ಅಯ್ಯೋ ಪಾಪ ಅನ್ನುವಂತೆ ನೋಡುತ್ತಿದ್ದರು. ಮಧ್ಯಾಹ್ನ ನಮ್ಮೂರು ನರೋಣಾದಿಂದ ನಮ್ಮಪ್ಪ ಬಂದ. ಯಾವ ಕೆಲಸಕ್ಕೆ ಬಂದಿದ್ದನೋ. ಗೇಟಿನ ಹತ್ತಿರ ನಿಂತು ನನ್ನನ್ನು ನೋಡಿದ, ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ, ಬಂದ ದಾರಿ ಹಿಡಿದು ಹೊರಟುಹೋದ. ಆ ದಿನದ ಬಗ್ಗೆ ಅವನು ಸಾಯುವ ತನಕ ನನ್ನ ಜೊತೆ ಮಾತಾಡಲಿಲ್ಲ.

ಅದು ನಿಜಾಮರ ರಾಜ್ಯ. ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಮದುವೆಯಾಗಿತ್ತು. ಹೆಸರಿಗೆ ಚಪ್ರಾಸಿ, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಿತ್ತಾಳೆ ಬಿಲ್ಲೆ. ಕೆಲಸ ಮಾತ್ರ ಸಾಹೇಬರ ಬಂಗಲೆಯ ಹಿಂದಿನ ಕುದುರೆ ಲಾಯದಲ್ಲಿ. ನಾವು ಊರ ಹೊರಗಿನ ಓಣಿಯವರು, ಹಾಗಾಗಿ ಬಂಗಲೆಯ ಹೊಸ್ತಿಲು ದಾಟುವಂತಿರಲಿಲ್ಲ.

ಮರಿ ಬಂದದ್ದು ಯುಗಾದಿಯ ಆಸುಪಾಸಿನಲ್ಲಿ. ಕಲಬುರ್ಗಿಯಿಂದ ಬಂದ ಮೋಟಾರಿನಲ್ಲಿ ಒಂದು ಬಿದಿರು ಬುಟ್ಟಿ, ಅದರಲ್ಲಿ ಇದ್ದಿಲಿನಂಥ ಕರಿ ಮರಿ. ಅಗಲ ತಲೆ, ದಪ್ಪ ಕಾಲು, ಬಾಲವೋ ಒಂದು ಕಟ್ಟಿಗೆ ತುಂಡಿನಷ್ಟು ದಪ್ಪ. ಸಾಹೇಬರಿಗೆ ಯಾರೋ ದೊಡ್ಡ ಅಧಿಕಾರಿ ಕೊಟ್ಟದ್ದಂತೆ. “ಲ್ಯಾಬ್ರಡಾರ್,” ಎಂದು ಸಾಹೇಬರು ಎಲ್ಲರಿಗೂ ಎರಡೆರಡು ಸಲ ಹೇಳಿದರು. ಹೊಡೆದ ಹಕ್ಕಿಯನ್ನು ನೀರಿನಿಂದ ಎತ್ತಿ ತರುವ ಜಾತಿ. ನನ್ನನ್ನು ಕರೆದು, “ಕುದುರೆ ನೋಡಿಕೊಳ್ಳುವವನಿಗೆ ನಾಯಿ ಏನು ದೊಡ್ಡದು? ಚಳಿಗಾಲಕ್ಕೆ ಶಿಕಾರಿಗೆ ತಯಾರಾಗಬೇಕು,” ಎಂದು ಹುಕುಂ ಕೊಟ್ಟರು. ಹೇಗೆ ತಯಾರು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಂದು ಇಂಗ್ಲಿಷ್ ಹೆಸರಿಟ್ಟರು. ನನ್ನ ನಾಲಗೆಗೆ ಅದು ಹೊರಳಲಿಲ್ಲ. ನಾನು ಮರಿ ಅಂದೆ, ದೊಡ್ಡದಾದ ಮೇಲೂ ಮರಿ ಅಂತಲೇ ಕರೆದೆ.

ಬಂದ ಮೂರನೇ ವಾರಕ್ಕೇ ಅದು ಬೂಟು ಕಡಿದದ್ದು. ಹಲ್ಲು ಬರುವ ಕಾಲ, ಸಿಕ್ಕಿದ್ದನ್ನೆಲ್ಲ ಕಡಿಯುತ್ತಿತ್ತು. ಸಾಹೇಬರು ಬೂಟನ್ನು ಬಂಗಲೆಯ ಮೆಟ್ಟಿಲ ಮೇಲೆ ಬಿಟ್ಟದ್ದು ಅವರ ತಪ್ಪು. ಅದನ್ನು ಹೇಳುವವರು ಯಾರು?

ಕಚೇರಿ ಮುಗಿದು ಬೂಟು ಇಳಿಸಿದ ಮೇಲೆ ಲಾಯಕ್ಕೆ ಹೋದೆ. ಮರಿ ನನ್ನನ್ನು ಕಂಡು ಇಡೀ ಮೈ ಕುಣಿಸುತ್ತ ಓಡಿ ಬಂತು. ಗೂಟದಲ್ಲಿದ್ದ ಲಗಾಮಿನ ಪಟ್ಟಿ ಎಳೆದುಕೊಂಡೆ. ಎಷ್ಟು ಹೊಡೆದೆನೋ ಲೆಕ್ಕವಿಲ್ಲ. ಮೊದಲು ಕಿರುಚಿತು, ಆಮೇಲೆ ಕಿರುಚುವುದನ್ನೂ ಬಿಟ್ಟಿತು. ಉಚ್ಚೆ ಹೊಯ್ದುಕೊಂಡು, ಹೊಟ್ಟೆಯ ಮೇಲೆ ತೆವಳುತ್ತ ನನ್ನ ಕಡೆಗೇ ಬಂದು ಪಾದದ ಮೇಲೆ ತಲೆ ಇಟ್ಟಿತು. ಹೊಡೆಯುವವನ ಹತ್ತಿರವೇ ಆಸರೆ ಹುಡುಕಿ ಬಂದಿತ್ತು.

ಹಿಂದಿನಿಂದ ಯಾರೋ ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡರು. ಬಂಗಲೆಯ ಅಡುಗೆಯ ಮುದುಕ. ಹೈದರಾಬಾದಿನ ಕಡೆಯವನು, ಅರ್ಧ ಉರ್ದು ಅರ್ಧ ಕನ್ನಡ ಮಾತಾಡುವವನು.

“ಬೇಜುಬಾನ್ ಜಾನವರ್ ಅದ ಬೇಟಾ, ಬಾಯಿಲ್ಲದ್ದು,” ಎಂದ. “ಸಾಹೇಬ ನಿನಗ ಬೂಟು ಹೊರಿಸಿದ. ನೀ ಇದಕ್ಕ ಹೊಡದಿ. ಇದು ಯಾರಿಗೆ ಹೊಡೀಬೇಕು?”

ನಾನು ಅವನ ಮೇಲೂ ಹರಿಹಾಯ್ದೆ. “ನಿನಗೇನ್ ಗೊತ್ತೋ ಮುದುಕಾ! ಬೂಟು ನೀ ಹೊತ್ತಿದ್ಯಾ?” ಎಂದೆ. ಅವನು ಒಂದು ಬಟ್ಟಲು ಹಾಲು ತಂದಿಟ್ಟು ಹೋದ. ಮರಿ ಕುಡಿಯಲಿಲ್ಲ. ಕತ್ತಲಾಗುವವರೆಗೆ ಅದರ ಪಕ್ಕ ಕೂತೆ, ನನ್ನ ಬೆರಳಿಗೆ ಹಾಲು ಹಚ್ಚಿ ನೆಕ್ಕಿಸಿದೆ. ಆ ದಿನದ ನಂತರ ಅದರ ಮೇಲೆ ಕೈ ಎತ್ತಲಿಲ್ಲ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಒಂದು ಸಲ ಎತ್ತಿದ್ದೇ ನನಗೆ ಇವತ್ತಿಗೂ ಚುಚ್ಚುತ್ತದೆ.

ಕಲಿಸುವುದು ಹೊಡೆಯದೆ ಆಗುತ್ತದೆಯೇ? ನನಗೆ ಕಲಿಸಿದವರು ಹಾಗೆ ಕಲಿಸಿರಲಿಲ್ಲ. ಶಾಲೆಯಲ್ಲಿ ಎಲ್ಲವೂ ಉರ್ದು. ಮನೆಯಲ್ಲಿ ಉರ್ದುವಿನ ಒಂದಕ್ಷರವೂ ಇಲ್ಲ. ನಾಲ್ಕು ಜಮಾತು, ಅಂದರೆ ನಾಲ್ಕು ತರಗತಿ, ಕಲಿಯುವಷ್ಟರಲ್ಲಿ ಬೆರಳಿನ ಗಂಟುಗಳ ಮೇಲೆ ಬೆತ್ತದ ಗುರುತು ಕಾಯಂ ಆಗಿತ್ತು. ಪ್ರಶ್ನೆಯೇ ತಿಳಿಯದವನಿಗೆ ಉತ್ತರ ಬರಲಿಲ್ಲವೆಂದು ಹೊಡೆಯುತ್ತಿದ್ದರು. ಆ ಮಾಸ್ತರರು ಮಾಡಿದ್ದಕ್ಕೆಲ್ಲ ಉಲ್ಟಾ ಮಾಡುವುದೆಂದು ನಿಶ್ಚಯಿಸಿದೆ, ಅಷ್ಟೇ ನನ್ನ ವಿದ್ಯೆ.

ಹಳೇ ಧೋತರದ ಚಿಂದಿಯನ್ನು ಉಂಡೆ ಮಾಡಿ, ಅದಕ್ಕೆ ಪಾರಿವಾಳದ ಪುಕ್ಕ ಕಟ್ಟಿದೆ. ಲಾಯಕ್ಕೂ ಕಂಪೌಂಡಿಗೂ ನಡುವೆ ಒಂದು ಇಕ್ಕಟ್ಟಾದ ಸಂದಿ, ಆ ಕಡೆ ಮುಚ್ಚಿದ್ದು. ಅಲ್ಲಿ ಉಂಡೆ ಎಸೆದರೆ ಮರಿ ಓಡಿ ಹೋಗಿ ಕಚ್ಚಿಕೊಳ್ಳುತ್ತಿತ್ತು. ವಾಪಸು ಬರಲು ನನ್ನ ಕಡೆ ಬಿಟ್ಟು ಬೇರೆ ದಾರಿ ಇರಲಿಲ್ಲ. ಬಂದ ಕೂಡಲೇ “ಬಿಡು” ಎಂದು ರೊಟ್ಟಿಯ ಚೂರು ತೋರಿಸುತ್ತಿದ್ದೆ. ರೊಟ್ಟಿಗಾಗಿ ಬಾಯಿ ತೆರೆದರೆ ಉಂಡೆ ಬೀಳುತ್ತಿತ್ತು. ಕುಂದ್ರು, ತಡಿ, ತಗೊಂಬಾ, ಬಿಡು. ನಾಲ್ಕೇ ಮಾತು. ಹಿಡಿದದ್ದನ್ನು ಹಲ್ಲೂರಿ ಕಡಿಯಬಾರದಲ್ಲ, ಅದಕ್ಕೆ ನನ್ನ ಹೆಂಡತಿ ಮನೆಯಿಂದ ಕೋಳಿಮೊಟ್ಟೆ ತಂದುಕೊಟ್ಟಳು. ಮೊದಲ ಏಳೆಂಟು ಮೊಟ್ಟೆ ಅದರ ಹೊಟ್ಟೆಗೇ ಹೋದವು. “ಮನ್ಯಾಗ ಮಂದಿಗೇ ತತ್ತಿ ಇಲ್ಲ, ನೀ ನಾಯಿಗೆ ತಿನಸಾಕತ್ತಿ,” ಎಂದು ಬೈದಳು, ಮರುದಿನ ಮತ್ತೆ ತಂದಳು. ಒಂಬತ್ತನೆಯದನ್ನು ಮರಿ ಬಾಯಲ್ಲಿಟ್ಟುಕೊಂಡು ಬಂದು ನನ್ನ ಅಂಗೈಯಲ್ಲಿ ಇಳಿಸಿತು. ಒಂದು ಬಿರುಕೂ ಇರಲಿಲ್ಲ. ಬಂದೂಕಿನ ಸಪ್ಪಳಕ್ಕೆ ಬೆಚ್ಚಬಾರದೆಂದು ಅದು ಉಣ್ಣುವಾಗ ಹೆಂಡತಿ ದೂರದಲ್ಲಿ ಡಬ್ಬಿ ಬಡಿಯುತ್ತಿದ್ದಳು, ದಿನಕ್ಕೆ ಹತ್ತು ಹೆಜ್ಜೆ ಹತ್ತಿರ ಬಂದು. ಮಳೆಗಾಲದಲ್ಲಿ ಅಮರ್ಜಾ ಹಳ್ಳಕ್ಕೆ ಒಯ್ದೆ. ಈಜನ್ನು ಮಾತ್ರ ನಾನು ಕಲಿಸಬೇಕಾಗಲಿಲ್ಲ.

ದಸರೆ ಮುಗಿದ ಮೇಲೆ ಸಾಹೇಬರು ಪರೀಕ್ಷೆ ಮಾಡಲು ಬಂದರು. ಗುಮಾಸ್ತರೆಲ್ಲ ಸುತ್ತ ನಿಂತರು. ಸಾಹೇಬರ ಮನೆಮಾತು ಮರಾಠಿ, ಕಚೇರಿಯಲ್ಲಿ ಉರ್ದು. ನಾಯಿ ವಿಲಾಯತಿಯದೆಂದು ಅದರ ಜೊತೆ ಇಂಗ್ಲಿಷ್. “ಸಿಟ್,” ಎಂದರು. ಮರಿ ಬಾಲ ಅಲ್ಲಾಡಿಸಿತು. “ಸಿಟ್!” ಎಂದು ಗದರಿದರು. ಮರಿ ನನ್ನ ಮುಖ ನೋಡಿತು. ನಾನು ಮೆಲ್ಲಗೆ “ಕುಂದ್ರು” ಅಂದೆ, ಕೂತಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಸಾಹೇಬರ ಕಿವಿ ಕೆಂಪಗಾದವು. “ಹಳ್ಳಿಯ ಭಾಷೆ ಕಲಿಸಿದ್ದೀಯಾ? ಇಂಥ ಜಾತಿಯ ನಾಯಿಗೆ?”

“ಸಾಹೇಬ್ರ, ನನಗ ಬರೋದು ಇದೊಂದೇ ರೀ. ಹದಿನೈದು ದಿನ ಕೊಡ್ರಿ, ನೀವು ಹೇಳೋ ಮಾತೂ ಕಲಸ್ತೇನಿ. ಹೊಸಾ ಮಾತು ಹೇಳಿ, ಹಿಂದಿಂದ ಹಳೇದು ಹೇಳಿದ್ರ ತಾನಾಗೇ ತಿಳ್ಕೊಂತದ.”

“ನೀನು ಇನ್ನು ಅದರ ಮುಂದೆ ಬಾಯಿ ತೆರೆಯಬೇಡ,” ಎಂದರು. ಮರುದಿನದಿಂದ ಚಾಬೂಕು ಹಿಡಿದು ಅವರೇ ಕಲಿಸತೊಡಗಿದರು. ಕುದುರೆಗೆ ಮೇವು ಹಾಕುತ್ತ ನಾನು ಆ ಸಪ್ಪಳ ಕೇಳಬೇಕಿತ್ತು. ಒಂದು ಇಂಗ್ಲಿಷ್ ಮಾತು, ಒಂದು ಏಟು, ಮತ್ತೆ ಅದೇ ಮಾತು. ಹಲ್ಲು ಕಚ್ಚಿ ಕಚ್ಚಿ ನನ್ನ ದವಡೆ ನೋಯುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದೆ. ಆ ಮುಚ್ಚಿದ ಬಾಯಿಯ ಮೇಲೂ ನನಗೆ ಸಿಟ್ಟಿದೆ.

ಚಳಿಗಾಲ ಬಂತು. ಕಲಬುರ್ಗಿಯಿಂದ ಸಾಹೇಬರ ಮೇಲಧಿಕಾರಿ ಶಿಕಾರಿಗೆ ಬಂದರು. ಅಫಜಲಪುರದ ಕಡೆ, ಕರಜಗಿ ದಾಟಿ ಭೀಮಾ ನದಿಯ ದಂಡೆಗೆ ಹೋದೆವು. ನೀರಿನ ತುಂಬ ಕಾಡುಬಾತು. ನನ್ನನ್ನು ಬುಟ್ಟಿ ಹೊರಲು ಕರೆದೊಯ್ದಿದ್ದರು; ಇಪ್ಪತ್ತು ಹೆಜ್ಜೆ ಹಿಂದೆ ನಿಲ್ಲಬೇಕೆಂದು ತಾಕೀತು.

ಮೇಲಧಿಕಾರಿ ಗುಂಡು ಹಾರಿಸಿದರು. ಒಂದು ಬಾತು ನಡುನೀರಿಗೆ ಬಿತ್ತು. ಮರಿ ಗುಂಡಿಗೆ ಬೆಚ್ಚಲಿಲ್ಲ, ಕಿವಿ ನಿಮಿರಿಸಿ ನೋಡಿತು. ಸಾಹೇಬರು ಇಂಗ್ಲಿಷಿನಲ್ಲಿ ಕೂಗಿದರು. ಆ ದನಿ ಕೇಳಿದ್ದೇ ತಡ, ಅದು ನೆಲಕ್ಕೆ ಚಪ್ಪಟೆಯಾಗಿ ಬಿದ್ದುಕೊಂಡಿತು. ಚಾಬೂಕು ಬೀಸಿದರು. ಅದು ಇನ್ನಷ್ಟು ಮರಳಿಗೆ ಅಂಟಿಕೊಂಡಿತು, ಕತ್ತು ಮಾತ್ರ ಹೊರಳಿಸಿ ನನ್ನ ಕಡೆ ನೋಡಿತು. ಮೇಲಧಿಕಾರಿ ನಗುತ್ತ, “ನಿಮ್ಮ ನಾಯಿ ನಿಮ್ಮ ಚಪ್ರಾಸಿಯ ಅಪ್ಪಣೆ ಕೇಳುತ್ತಿದೆ,” ಎಂದರು. ಸಾಹೇಬರು ಬೂಟುಗಾಲಿನಿಂದ ಅದರ ಪಕ್ಕೆಗೆ ಒದ್ದರು.

ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು. “ತಗೊಂಬಾ!”

ಮರಿ ಎದ್ದು ನೀರಿಗೆ ಹಾರಿತು. ನೆಟ್ಟಗೆ ಈಜಿ ಹೋಗಿ, ಬಾತನ್ನು ಬಾಯಲ್ಲಿ ಹಿಡಿದು ತಿರುಗಿತು. ದಂಡೆಗೆ ಬಂದು, ಸಾಹೇಬರನ್ನು ದಾಟಿ, ಮೇಲಧಿಕಾರಿಯನ್ನು ದಾಟಿ, ಇಪ್ಪತ್ತು ಹೆಜ್ಜೆ ನಡೆದು ನನ್ನ ಅಂಗೈಯಲ್ಲಿ ಇಟ್ಟಿತು. ಒಂದು ಪುಕ್ಕವೂ ಮುರಿದಿರಲಿಲ್ಲ. ಮೇಲಧಿಕಾರಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ಮರಿಗೆ ಮುಳುವಾಯಿತು.

ಆಳಂದಕ್ಕೆ ಮರಳಿದ ಎರಡನೇ ದಿನ ಲಾಯಕ್ಕೆ ಹೋದರೆ ಮರಿ ಇರಲಿಲ್ಲ. ಜೇವರ್ಗಿ ಕಡೆಯ ಒಬ್ಬ ಗೌಡರಿಗೆ, ಕಣ ಕಾಯಲು, ಬೆಳಗಿನ ಬಂಡಿಯಲ್ಲೇ ಕಳಿಸಿಬಿಟ್ಟಿದ್ದರು. ಅಡುಗೆಯ ಮುದುಕ ಹೇಳಿದ. ನಾನು ಸೊಂಟದ ಪಟ್ಟಿ ಬಿಚ್ಚಿದೆ. ಬಂಗಲೆಯ ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಜಮಖಾನೆಯನ್ನು ತುಳಿದುಕೊಂಡೇ ಒಳಗೆ ಹೋಗಿ, ಸಾಹೇಬರ ಚಹದ ಬಟ್ಟಲಿನ ಪಕ್ಕದಲ್ಲಿ ಬಿಲ್ಲೆ ಇಟ್ಟೆ. ಅವರು ಏನೋ ಕಿರುಚುತ್ತಿದ್ದರು. ತಿರುಗಿ ನೋಡಲಿಲ್ಲ.

ಮನೆಯಲ್ಲಿ ಹೆಂಡತಿ, “ನಾಯಿ ಸಲುವಾಗಿ ಸರ್ಕಾರಿ ನೌಕರಿ ಒಗದು ಬಂದ್ಯಾ?” ಎಂದು ಹಣೆ ಚಚ್ಚಿಕೊಂಡಳು.

“ನಾಯಿ ಸಲುವಾಗಿ ಅಲ್ಲ ಬೇ,” ಎಂದೆ.

ನರೋಣಾಕ್ಕೆ ಮರಳಿ, ಎರಡು ತಿಂಗಳು ಅಲ್ಲಿನ ಹೊಲಗಳಲ್ಲಿ ಜೋಳ ಕೊಯ್ದೆವು. ಅಷ್ಟರಲ್ಲಿ ಅಡುಗೆಯ ಮುದುಕ ಜೇವರ್ಗಿಯಲ್ಲಿ ಒಂದು ಮದುವೆಗೆ ಅಡುಗೆ ಮಾಡಲು ಹೋಗಿ ಬಂದವನು, ದಾರಿ ಬಿಟ್ಟು ನಮ್ಮ ಮನೆಯ ತನಕ ನಡೆದು ಬಂದ. “ನಿನ್ನ ಮರಿ ನೋಡಿದೆ. ಅದು ಉಳಿಯಂಗಿಲ್ಲ ಬೇಟಾ,” ಎಂದ. ಮರುದಿನವೇ ಹೊರಟೆ. ಮೂರು ದಿನದ ನಡಿಗೆ.

ಗೌಡರ ಕಣದಲ್ಲಿ ಒಂದು ಕಲ್ಲುಗೂಟ, ಗೂಟಕ್ಕೆ ಸರಪಳಿ. ನಾಯಿ ಉಗ್ರವಾಗಲೆಂದು ಅನ್ನಕ್ಕೆ ಖಾರಪುಡಿ ಕಲಸಿ ಹಾಕುತ್ತಿದ್ದರು, ಆಳುಗಳು ಕೋಲಿನಿಂದ ತಿವಿಯುತ್ತಿದ್ದರು. ಕೊರಳ ಸುತ್ತ ಸರಪಳಿ ಮಾಂಸದೊಳಗೆ ಕೂತಿತ್ತು, ನೊಣ ಮುತ್ತಿದ್ದವು. ನನ್ನನ್ನು ಕಂಡು ಅದು ಹಲ್ಲು ಕಿರಿಯಿತು. “ಕುಂದ್ರು,” ಅಂದೆ. ಕೂತಿತು. ಕೂತುಕೊಂಡೇ ನನ್ನ ಮೇಲೆ ಗುರುಗುಟ್ಟಿತು. ಅದನ್ನು ನೋಡಿದಾಗ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ವಿಂಗಡಿಸಲೂ ಆಗುತ್ತಿರಲಿಲ್ಲ.

ಗೌಡರನ್ನು ಕೇಳಿದೆ. ಅವರು ಆಳುಗಳ ಕಡೆ ನೋಡಿ ನಕ್ಕರು. “ಇಬ್ಬರಿಗೆ ಕಚ್ಚೇದ ಅದು. ಬಿಚ್ಚೋ ಧೈರ್ಯ ಇದ್ರ ಬಿಚ್ಚಿ ಒಯ್ಯಿ, ಹೋಗು.” ತಮಾಷೆ ನೋಡಲು ಎಲ್ಲರೂ ಬಂದು ಕೂತರು.

ಸರಪಳಿ ಮುಟ್ಟುವ ದೂರದಲ್ಲಿ, ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತೆ. ಮಾತಾಡಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ತಮಾಷೆಯಿಲ್ಲವೆಂದು ಜನ ಒಬ್ಬೊಬ್ಬರಾಗಿ ಎದ್ದುಹೋದರು. ಬಿಸಿಲು ಇಳಿಯುವ ಹೊತ್ತಿಗೆ ಕುತ್ತಿಗೆಯ ಹಿಂದೆ ಉಸಿರು ತಾಗಿತು. ಮೂಸಿತು. ಆಮೇಲೆ ಬೆನ್ನಿಗೆ ತಲೆ ಒತ್ತಿ ನಿಂತಿತು. ಸರಪಳಿಯ ಕೊಂಡಿಗೆ ಕೈ ಹಾಕಿದಾಗ ಗಾಯ ನೊಂದು ನನ್ನ ಕೈ ಕಚ್ಚಿತು. ಕೈ ಎಳೆದುಕೊಳ್ಳಲಿಲ್ಲ. ಹಲ್ಲು ಮೆಲ್ಲಗೆ ತಾನೇ ಸಡಿಲವಾಯಿತು. “ಮರಿ,” ಎಂದೆ. ಬಿಚ್ಚಿಕೊಂಡು ಹೊರಟೆ.

ಊರಲ್ಲಿ ಹೆಂಡತಿ ಅರಿಸಿನ, ಬೇವಿನೆಣ್ಣೆ ಕಾಯಿಸಿ ಅದರ ಕೊರಳಿಗೆ ಹಚ್ಚಿದಳು. ಗಾಯ ಮಾಯಿತು, ಮೈ ತುಂಬಿತು. ನಮ್ಮ ಮಕ್ಕಳು ಅದರ ಬೆನ್ನು ಹಿಡಿದು ನಡಿಗೆ ಕಲಿತರು. ಆದರೆ ಅದು ಮತ್ತೆಂದೂ ಏನನ್ನೂ ಎತ್ತಿ ತರಲಿಲ್ಲ. ಉಂಡೆ ಎಸೆಯಲು ಕೈ ಎತ್ತಿದರೆ ಸಾಕು, ಕಣ್ಣು ಮುಚ್ಚಿ ನೆಲಕ್ಕೆ ಬೀಳುತ್ತಿತ್ತು. ಎರಡು ಸಲ ನೋಡಿ ಉಂಡೆಯನ್ನು ಒಲೆಗೆ ಹಾಕಿದೆ.

ಏಳೆಂಟು ವರ್ಷ ಕಳೆದಿರಬೇಕು. ಒಂದು ದಿನ ಆಳಂದದ ಮೋಟಾರು ನಿಲ್ಲುವ ಜಾಗದಲ್ಲಿ, ಮೂತಿ ಬೆಳ್ಳಗಾದ ಮರಿಯ ಜೊತೆ ನಿಂತಿದ್ದೆ. ಪಕ್ಕದಲ್ಲಿ ಸಾಹೇಬರು. ವಯಸ್ಸಾಗಿತ್ತು, ಪೆನ್ಷನ್ ಆಗಿತ್ತು. ನನ್ನ ಗುರುತು ಹತ್ತಲಿಲ್ಲ. ನಾಯಿಯನ್ನೇ ನೋಡಿದರು.

“ನನ್ನ ಹತ್ತಿರವೂ ಥೇಟ್ ಇಂಥದೇ ನಾಯಿ ಇತ್ತು,” ಎಂದರು. “ಒಬ್ಬ ಚಪ್ರಾಸಿ ಅದನ್ನು ಹಾಳುಮಾಡಿಬಿಟ್ಟ.”

ಆ ದನಿ ಕಿವಿಗೆ ಬಿದ್ದದ್ದೇ ಮರಿ ಧೂಳಿನಲ್ಲಿ ಚಪ್ಪಟೆಯಾಗಿ ಮಲಗಿ ನಡುಗತೊಡಗಿತು. ಸಾಹೇಬರ ಮುಖ ಅರಳಿತು. “ವಾಹ್! ಏನು ಶಿಸ್ತು! ಯಾರು ತಾಲೀಮು ಕೊಟ್ಟದ್ದು?”

“ನೀವೇ ರೀ,” ಎಂದೆ. “ಆ ಚಪ್ರಾಸಿ ನಾನೇ. ನಾ ಕಲಿಸಿದ್ದು ನಾಲ್ಕು ಮಾತು. ಈಗ ಅದು ಮಾಡಾಕತ್ತದಲ್ಲ, ಅದು ನೀವು ಕಲಿಸಿದ್ದು.”

ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಮೋಟಾರು ಬಂತು. ಅವರು ಹತ್ತಿ ಕೂತರು. ನಾನು ಹತ್ತಲಿಲ್ಲ. ಧೂಳಿನಲ್ಲೇ ಮರಿಯ ಪಕ್ಕ ಕೂತು, ಅದರ ನಡುಕ ನಿಲ್ಲುವ ತನಕ ಕಾದು, ಆಮೇಲೆ ಅದರ ವೇಗಕ್ಕೆ ತಕ್ಕಂತೆ ನಿಧಾನವಾಗಿ ನರೋಣಾಕ್ಕೆ ನಡೆದುಕೊಂಡು ಹೋದೆ. ದಾರಿಯುದ್ದಕ್ಕೂ, ಅವರಿಗೆ ಇನ್ನೂ ಏನೇನು ಅನ್ನಬೇಕಿತ್ತೋ ಅದನ್ನೆಲ್ಲ ಗಟ್ಟಿಯಾಗಿ ಅನ್ನುತ್ತಿದ್ದೆ.