ಅಕ್ಕನೋ ಅತ್ತೆಯೋ

ಅಂದು ಭಾನುವಾರವಿತ್ತೋ ಸರ್ಕಾರಿ ರಜೆಯಿತ್ತೋ, ಖಚಿತವಾಗಿ ಹೇಳಲಾರೆ. ವಿಮೆಯ ಏಜೆಂಟ್ ತಂದ ಫಾರಂ ಹಳದಿಯೆಂದು ನನ್ನ ನೆನಪು. ತಂಗಿ ಬಿಳಿ ಎನ್ನುತ್ತಾಳೆ. ನನಗೆ ಹೊಟ್ಟೆ ಉರಿದದ್ದು ಮಾತ್ರ ನಿಜ.

ಎರಡು ಸಾವಿರದ ಆರೋ ಏಳೋ ಇರಬೇಕು. ತಂಗಿ, ಅವಳ ಗಂಡ, ಇಬ್ಬರು ಮಕ್ಕಳು ಮಸ್ಕತ್ ಬಿಟ್ಟು ಬಂದು ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ತಂಗಿಯ ಗಂಡ ಹೊರಗಿನವರಲ್ಲ, ಅಮ್ಮನ ಕೊನೆಯ ತಮ್ಮ, ನಮ್ಮ ಸೋದರಮಾವ. ಅವರಿಗೆ ಮೊದಲು ಕೊಡಬೇಕೆಂದುಕೊಂಡಿದ್ದು ನನ್ನನ್ನು. ಎಂ.ಎ. ಮುಗಿಸಬೇಕೆಂದು ನಾನೇ ಬೇಡ ಎಂದೆ. ಹಾಗೆ ನೆನಪಿಟ್ಟುಕೊಳ್ಳುವುದು ನನಗೆ ಅನುಕೂಲವೂ ಹೌದು. ಅಪ್ಪ ಹೋದ ಮೇಲೆ ಅಮ್ಮ ಶಿಡ್ಲಘಟ್ಟದಲ್ಲಿ ನನ್ನ ಜೊತೆಗಿದ್ದಳು. ನಾನು ಅಲ್ಲಿನ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ.

ತಂಗಿ ನಮ್ಮ ನಡುಮನೆಯ ಚಾಪೆಯ ಮೇಲೆ ಮೂರು ಕಂಪನಿಗಳ ಆರೋಗ್ಯ ವಿಮೆಯ ಕಾಗದ ಹರಡಿಕೊಂಡಿದ್ದಳು.

“ಅಲ್ಲಿ ಕಾರ್ಡ್ ತೋರಿಸಿದ್ರೆ ಸಾಕಿತ್ತು ಕಣೇ ಅಕ್ಕ. ಇಲ್ಲಿ ಎಲ್ಲಾ ನಾವೇ ಕಟ್ಬೇಕಂತೆ.”

ಯಾವುದು ದುಬಾರಿ, ಯಾವುದು ಅಗ್ಗ ಎಂದು ಅವಳು ಗೊಣಗುವುದನ್ನು ಕೇಳುತ್ತ ಕಾಫಿ ಸೋಸುತ್ತಿದ್ದೆ. ಅಮ್ಮನನ್ನೂ ನನ್ನನ್ನೂ ಸೇರಿಸಿ ಒಂದು ಪಾಲಿಸಿಗೆ ನಾನೂ ಹಿಂದೆ ವಿಚಾರಿಸಿದ್ದೆ. ವರ್ಷದ ಕಂತು ನನ್ನ ಎರಡು ತಿಂಗಳ ಸಂಬಳ. ಯಾರಿಗೂ ಹೇಳಿರಲಿಲ್ಲ. ಅವಳಿಗೆ ಗೊಣಗುವುದಕ್ಕಾದರೂ ಮೂರು ಇದ್ದವಲ್ಲ ಎಂದು ಸಂಕಟವಾಯಿತು.

“ಅಕ್ಕನ್ನೂ ಸೇರಿಸಿಬಿಡಣ,” ಎಂದರು ಏಜೆಂಟಿನ ಪಕ್ಕ ಕೂತು ಫಾರಂ ತುಂಬುತ್ತಿದ್ದ ಮಾವ, ಅಮ್ಮನನ್ನು ತೋರಿಸಿ. ಯುಗಾದಿಗೆ ಅಮ್ಮನಿಗೆ ಅರವತ್ತು. ಅದು ದಾಟಿದರೆ ಆ ಕಂಪನಿ ಹೊಸದಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಅಮ್ಮನ ಹೆಸರಿನ ಮುಂದೆ, ಸಂಬಂಧದ ಕಾಲಮ್ಮಿನಲ್ಲಿ, ಮಾವ ಅಕ್ಕ ಎಂದು ಬರೆದರು.

“ಅಕ್ಕತಂಗೀರ್ನ ತಗೊಳಲ್ಲ ಸಾರ್,” ಎಂದ ಏಜೆಂಟ್.

“ಹಂಗಾದ್ರೆ ಅತ್ತೆ ಅಂತ ಬರ್ಕೊಳ್ಳಪ್ಪಾ, ನನ್ ಹೆಂಡ್ತಿ ತಾಯಿ ತಾನೆ?”

“ಅತ್ತೇನೂ ಆಗಲ್ಲ ಸಾರ್. ನಾನೂ ಅಕ್ಕನ ಮಗಳ್ನೇ ಮಾಡ್ಕೊಂಡಿರೋದು. ನಮಗರ್ಥ ಆಗ್ತದೆ, ಫಾರಂಗೆ ಆಗಬೇಕಲ್ಲ!”

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ದಾರಿ ತೋರಿಸಿದವನೂ ಅವನೇ. ಪಾಲಿಸಿ ತಂಗಿಯ ಹೆಸರಿನಲ್ಲಾದರೆ ಅಮ್ಮನನ್ನು ತಾಯಿ ಎಂದು ಬರೆಯಬಹುದು. “ಆದ್ರೆ ಮೇಡಂ, ತಾಯಿ ನಿಮ್ಮನೇಲೇ, ನಿಮ್ಮ ಆಸರೇಲೇ ಇದಾರೆ ಅಂತ ಬರೀಬೇಕು.”

ತಂಗಿ ನನ್ನ ಮುಖ ನೋಡಿದಳು. “ಬರೀ ಕಾಗದದ ಮೇಲೆ ಕಣೇ.”

ಅಮ್ಮನನ್ನು ಅಷ್ಟು ವರ್ಷ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದವಳು ನಾನು. ಫಾರಂನಲ್ಲಿ ನನಗೆ ಒಂದು ಕಾಲಮ್ಮೂ ಇರಲಿಲ್ಲ.

“ಸುಳ್ಳು ಬರ್ದು, ನಾಳೆ ಆಸ್ಪತ್ರೇಲಿ ತೊಂದರೆ ಆದ್ರೆ?” ಎಂದೆ. ಅಮ್ಮನ ಮೇಲಿನ ಕಾಳಜಿಗೆ ಹಾಗೆಂದೆ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಈಗ ಓದಿದರೆ ನಂಬಿಕೆ ಬರುವುದಿಲ್ಲ.

“ಅದೂ ಸರಿ. ಸುಳ್ಳ್ಯಾಕೆ, ನಿಜವಾಗ್ಲೂ ಕರ್ಕೊಂಡ್ ಹೋಗ್ತೀವಿ,” ಎಂದರು ಮಾವ. “ಏನಕ್ಕಾ, ಬರ್ತೀಯಾ? ಮೊಮ್ಮಕ್ಕಳ ಜೊತೆ ಇದ್ದಂಗಾಗ್ತದೆ.”

ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ತಲೆಯಾಡಿಸಿದಳು. ಒಪ್ಪಿಗೆಯೆಂದು ಎಲ್ಲರೂ ತಿಳಿದರು. ತಂಗಿ ಸಹಿ ಹಾಕಿದಳು.

ಆ ವಾರವೇ ಅಮ್ಮ ಹೊರಟಳು. ಸೀರೆ ಮಡಚುತ್ತಿದ್ದವಳ ಎದುರು ಕೂತು ಒಂದು ಮಾತು ಕೇಳಿದೆ. ಅಮ್ಮ ಕೈಯಲ್ಲಿದ್ದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದಳು. ಆಮೇಲೆ ಚಿಕ್ಕಬಳ್ಳಾಪುರಕ್ಕೆ ಹೋದಾಗಲೂ ಎರಡು ಸಲ ಅದನ್ನೇ ಕೇಳಿದ್ದೇನೆ:

“ಅಮ್ಮಾ, ನಿಂಗೆ ಅವ್ರ ಜೊತೆ ಇರಬೇಕು ಅಂತಾನಾ, ಇಲ್ಲಾ ನಂಗೆ ಭಾರ ಆಗ್ತೀನಿ ಅಂತ ಹೊರಟ್ಯಾ?”