ಚಿಲಕವಿಲ್ಲದ ಬಾಗಿಲಲ್ಲಿ ಸೈದಾನಬಿ

ಬೆಳಗಿನ ಆರು ಗಂಟೆ. ಶಹಾಬಾದ್ ಸ್ಟೇಷನ್ನಿನ ಆಚೆಗಿರುವ ತಗಡಿನ ಟಾಕೀಸಿನಲ್ಲಿ ಹೆಣ್ಣುಮಕ್ಕಳ ಕಡೆಯ ಬಾಗಿಲು ತೆರೆದಿದೆ. ಒಳಗೆ ಸೈದಾನಬಿ ಬೆಂಚುಗಳ ಕೆಳಗೆ ಬಗ್ಗಿ ಕಸ ಗುಡಿಸುತ್ತಿದ್ದಾರೆ. ಶೇಂಗಾ ಸಿಪ್ಪೆ, ಒಡೆದ ಬಳೆಯ ಚೂರು, ಯಾವುದೋ ಕೂಸಿನ ಕುಂಚಿಗೆ. ಕುಂಚಿಗೆಯನ್ನು ಝಾಡಿಸಿ, ಮಡಚಿ ಗೋಡೆಯ ಗೂಡಿನಲ್ಲಿಡುತ್ತಾರೆ. "ಸಂಜೀಕ ಹುಡುಕ್ಕೋತ ಬರ್ತಾಳ್ರಿ ಅವರವ್ವ" ಎನ್ನುತ್ತಾರೆ.

ಮೊದಲು ಇಷ್ಟು ಜಾಗ ಗುಡಿಸಲು ಒಂದು ತಾಸು ಹಿಡಿಯುತ್ತಿತ್ತು. ಈಗ ಕಾಲು ತಾಸಿನಲ್ಲಿ ಮುಗಿಯುತ್ತದೆ. "ಕಸ ಆಗ್ಲಿಕ್ಕೂ ಮಂದಿ ಬೇಕಲ್ರಿ."

ಸೈದಾನಬಿಗೆ ಐವತ್ತನಾಲ್ಕು ವರ್ಷ. ಇಪ್ಪತ್ತೆರಡು ವರ್ಷಗಳಿಂದ ಅವರು ಈ ಟಾಕೀಸಿನ ಹೆಣ್ಣುಮಕ್ಕಳ ಗೇಟ್ ಕೀಪರ್. ಟಿಕೆಟ್ ಹರಿಯುವುದು, ಗಂಡಸರು ಈ ಕಡೆ ಬಾರದಂತೆ ನೋಡುವುದು, ಬಸುರಿಯರನ್ನು ಗೋಡೆಗೊರಗಿ ಕೂರುವ ಜಾಗಕ್ಕೆ ಕರೆದೊಯ್ಯುವುದು, ಕೊಡದಲ್ಲಿ ನೀರು ತುಂಬಿಡುವುದು ಅವರ ಕೆಲಸ. ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಅಡ್ಡಾಡುವುದನ್ನು ಯಾರೂ ಹೇಳಿರಲಿಲ್ಲ, ಅದನ್ನೂ ಮಾಡುತ್ತಾರೆ. ದಿನಕ್ಕೆ ಎರಡು ಆಟ, ಆರು ತಾಸು. ಅಷ್ಟೂ ಹೊತ್ತು ಅವರು ನಿಂತೇ ಇರುತ್ತಾರೆ. ಕುರ್ಚಿ ಕೊಟ್ಟರೂ ಕೂರುವುದಿಲ್ಲ. ಮೊಣಕಾಲಿನ ಕೆಳಗೆ ನರಗಳು ಹಗ್ಗದಂತೆ ಉಬ್ಬಿವೆ.

ಹೆಣ್ಣುಮಕ್ಕಳ ಕಡೆ ತೊಂಬತ್ತು ಮಂದಿ ಕೂರಬಹುದು. ಮೂರು ವರ್ಷದ ಹಿಂದೆ ಸಂತೆಯ ದಿನ ಜಾಗ ಸಾಲದೆ ನೆಲದ ಮೇಲೂ ಕೂರುತ್ತಿದ್ದರು. ನಿನ್ನೆ ಮಧ್ಯಾಹ್ನದ ಆಟಕ್ಕೆ ಬಂದವರು ಹನ್ನೊಂದು ಮಂದಿ.

ಕಾರಣ ಎಲ್ಲರಿಗೂ ಗೊತ್ತಿದೆ. ಈ ೧೯೮೬ರಲ್ಲಿ ಸಿನಿಮಾ ವ್ಯಾಪಾರ ಟಾಕೀಸಿನಿಂದ ವಿಡಿಯೋಗೆ ಜಾರುತ್ತಿದೆ. ಸೇಡಂನಲ್ಲಿ ಟಿ.ವಿ.ಗೆ ಕ್ಯಾಸೆಟ್ ಹಾಕಿ ಸಿನಿಮಾ ತೋರಿಸುವ ಮೂರು ವಿಡಿಯೋ ಮನೆಗಳಾಗಿವೆ, ಚಿತ್ತಾಪುರದಲ್ಲಿ ಎರಡು. ಚಂದಾಪುರದ ಕಡೆ ಮದುವೆಮನೆಗೂ ಟಿ.ವಿ., ವಿ.ಸಿ.ಆರ್. ಬಾಡಿಗೆಗೆ ತರುತ್ತಾರೆ. ಗುಲಬರ್ಗಾದಲ್ಲಂತೂ ನಾಣ್ಯ ಹಾಕಿ ಆಡುವ ವಿಡಿಯೋ ಆಟದ ಮಶೀನೂ ಬಂದಿದೆಯಂತೆ.

"ಪಿಚ್ಚರಿನ ಡಬ್ಬಿ ವಾಡಿ ಜಂಕ್ಷನ್ನಿಗಿ ಬರೋದ್ರಾಗ ಕ್ಯಾಸೆಟ್ ಊರಾಗ ಬಂದಿರ್ತದ. ನಾ ಯಾರ ಜೊತಿ ಬಡದಾಡ್ಲಿ?" ಎನ್ನುತ್ತಾರೆ ಟಾಕೀಸಿನ ಮಾಲೀಕ ಹಾಜಿಸಾಬರು. ಟಾಕೀಸನ್ನು ಅವರು ಕಲ್ಲಿನ ಗೋದಾಮಿಗೆ ಕೊಟ್ಟಾಗಿದೆ. ಈ ತಿಂಗಳ ಕೊನೆಯ ಭಾನುವಾರದ ಆಟವೇ ಕೊನೆಯದು.

ಗಂಡಸರಿಗೆ ವಿಡಿಯೋ ಮನೆ ಇದೆ. ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ಭಂಕೂರಿನ ಯಂಕಮ್ಮನನ್ನು ಕೇಳಿದೆ. ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಆಕೆ ವಾರಕ್ಕೊಮ್ಮೆ ತಪ್ಪದೆ ಇಲ್ಲಿಗೆ ಬರುತ್ತಾಳೆ. ಆದರೆ ಒಳಗೆ ಕೂರುವುದು ಕಡಿಮೆ. ಬಾಗಿಲಲ್ಲಿ ಸೈದಾನಬಿಯ ಪಕ್ಕದಲ್ಲೇ ನಿಲ್ಲುತ್ತಾಳೆ.

"ನಾ ಪಿಚ್ಚರ್ ನೋಡ್ಲಿಕ್ಕ ಬರಂಗಿಲ್ರಿ. ಅಕ್ಕನ್ನ ನೋಡ್ಲಿಕ್ಕ ಬರ್ತೀನಿ" ಎಂದಳು. ಯಾಕೆ ಎಂದು ಕೇಳಿದ್ದಕ್ಕೆ ಸೈದಾನಬಿಯತ್ತ ನೋಡಿದಳು. ಆಮೇಲೆ ಹೇಳಿದವರು ಸೈದಾನಬಿಯೇ.

ಅದು ೧೯೭೪ರ ಏಪ್ರಿಲ್. ಶುಕ್ರವಾರದ ಮಧ್ಯಾಹ್ನದ ಆಟ. ಆಟ ಶುರುವಾದ ಮೇಲೆ ಹೆಣ್ಣುಮಕ್ಕಳ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವುದು ಆಗಿನ ರಿವಾಜು, ಪುಂಡರು ನುಗ್ಗಬಾರದೆಂದು. ಸೈದಾನಬಿ ಚಿಲಕ ಹಾಕಿ, ಇಪ್ಪತ್ತು ಹೆಜ್ಜೆ ದೂರದ ಬೇವಿನ ಮರದ ಕೆಳಗೆ ನಮಾಜಿಗೆ ನಿಂತರು. ಅವರ ಒಬ್ಬಳೇ ಮಗಳು ಒಳಗೆ, ಎಲ್ಲರಿಗಿಂತ ಮುಂದೆ, ಚಾಪೆಯ ಮೇಲೆ ಕೂತಿದ್ದಳು. ವೈರಿನ ಕಿಡಿ ಪರದೆಗೆ ತಾಗಿತು. ಕೂಗು ಕೇಳಿ ಸೈದಾನಬಿ ಓಡಿ ಬಂದರು.

"ಒಳಗಿಂದ ಎಲ್ಲಾರೂ ಬಾಗಲಾ ದಬ್ಲಿಕತ್ತಿದ್ರು. ಚಿಲಕ ಬಿಗದು ಕುಂತಿತ್ತು. ಹಿಂದ ಸರೀರಿ, ಹಿಂದ ಸರೀರಿ ಅಂತ ಹೊಯ್ಕೊಂಡೆ. ನನ್ನ ದನಿ ಯಾರಿಗಿ ಕೇಳ್ಬೇಕ್ರಿ?"

ಬಿದ್ದಿದ್ದ ಕಲ್ಲೊಂದನ್ನು ಎತ್ತಿ ಚಿಲಕವನ್ನು ಜಜ್ಜಿ ಮುರಿದರು. ಬಲಗೈ ಹೆಬ್ಬೆರಳೂ ಜಜ್ಜಿಹೋಯಿತು. ಅದು ಇವತ್ತಿಗೂ ಮಡಚುವುದಿಲ್ಲ. ಬಾಗಿಲು ತೆರೆದದ್ದೇ ಹೆಂಗಸರು ಒಬ್ಬರ ಮೇಲೊಬ್ಬರು ಹೊರಗೆ ಬಿದ್ದರು. ಸೈದಾನಬಿ ಒಳಗೆ ನುಗ್ಗಿದರು.

"ಹೊಗಿಯಾಗ ಏನೂ ಕಾಣ್ಸಲಿಲ್ಲ. ಒಂದು ಸಣ್ಣ ಕೈ ಸಿಕ್ತು. ನನ್ನ ಮಗಳದೇ ಅಂದ್ಕೊಂಡೆ. ಜೀವಾ ಗಟ್ಟಿ ಹಿಡದು ಎಳಕೊಂಡ್ ಬಂದೆ. ಹೊರಗ ಬೆಳಕಿನ್ಯಾಗ ನೋಡ್ತೀನಿ, ಯಂಕಮ್ಮ."

ಯಂಕಮ್ಮ ಆಗ ಹೊಸದಾಗಿ ಮದುವೆಯಾದ ಎಳೆಯ ಹುಡುಗಿ. ಸೈದಾನಬಿ ಮತ್ತೆ ಒಳಗೆ ಹೋಗುವಷ್ಟರಲ್ಲಿ ಗಂಡಸರು ತಗಡು ಕಿತ್ತು ಮಗಳನ್ನು ಹೊರಗೆ ತಂದಿದ್ದರು. ಮರುದಿನ ಗುಲಬರ್ಗಾದ ಆಸ್ಪತ್ರೆಯಲ್ಲಿ ಮಗು ತೀರಿಕೊಂಡಿತು. ಉಳಿದವರೆಲ್ಲ ಬದುಕಿದರು.

ಇಷ್ಟು ಕೇಳುವಾಗ ಯಂಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. "ನನ್ನ ಬದಲಿ ಆಕಿ ಉಳೀಬೇಕಿತ್ತು ಅಂತ ಅಕ್ಕ ಒಂದ್ ದಿನಾನೂ ಅಂದಿಲ್ರಿ" ಎಂದಳು. ಸೈದಾನಬಿ ಅವಳ ಬೆನ್ನ ಮೇಲೆ ಕೈಯಿಟ್ಟು, "ಸುಮ್ಕಿರು. ನಿನಗ ಮೂರು ಮಕ್ಕಳಾದವು. ಅವೂ ನನ್ನವೇ" ಎಂದರು.

ಸೈದಾನಬಿಯ ಗಂಡ ಅಬ್ದುಲ್ ಕರೀಮ್ ಕಲ್ಲು ಪಾಲಿಶ್ ಮಾಡುವ ಕೆಲಸದಲ್ಲಿದ್ದರು. ಐದು ವರ್ಷದ ಹಿಂದೆ ಎದೆಯಲ್ಲಿ ಕಲ್ಲಿನ ಧೂಳು ತುಂಬಿ ತೀರಿಕೊಂಡರು. ಮಗಳು ಹೋದ ಮೇಲಿನ ಏಳು ವರ್ಷದಲ್ಲಿ ಅವರು ಹೆಂಡತಿಗೆ ಒಂದು ಬಿರುಸು ಮಾತೂ ಅನ್ನಲಿಲ್ಲ. "ಬೈದಿದ್ರ ಚಲೋ ಇತ್ರಿ. ಸುಮ್ನ ಉಂಡು ಸುಮ್ನ ಮಲಗ್ತಿದ್ರು."

ಮಗಳ ನಲವತ್ತನೆಯ ದಿನ ಮುಗಿದ ಮೇಲೆ ಸೈದಾನಬಿ ಮತ್ತೆ ಟಾಕೀಸಿಗೆ ಬಂದರು. ಊರಿಗೆ ಅದು ಅರ್ಥವಾಗಲಿಲ್ಲ. ಎಂಥ ತಾಯಿ ಎಂದವರೂ ಇದ್ದರು. ಅವರು ಬಂದದ್ದು ಹಾಜಿಸಾಬರಿಗೆ ಒಂದು ಮಾತು ಹೇಳಲು. "ಈ ಬಾಗಲಕ್ಕ ಇನ್ನ ಚಿಲಕ ಹಚ್ಚಬ್ಯಾಡ್ರಿ. ಗಂಡಸರು ಬರ್ದಂಗ ನಾನೇ ನಿಂದರ್ತೀನಿ." ಹಾಜಿಸಾಬರು ಒಪ್ಪಿದರು. ಹನ್ನೆರಡು ವರ್ಷದಿಂದ ಆ ಬಾಗಿಲಿಗೆ ಚಿಲಕವಿಲ್ಲ. ಬೇರೆ ಕೆಲಸ ಹುಡುಕಬಹುದಿತ್ತಲ್ಲ ಎಂದೆ. "ಬ್ಯಾರೆ ಯಾರರ ಬಂದ್ರ ಬ್ಯಾಸತ್ತು ಚಿಲಕ ಹಾಕ್ತಿದ್ರು" ಎಂದರು.

ಶಹಾಬಾದಿನ ಬಜಾರಿನಲ್ಲೇ ಆಗಿರುವ ಹೊಸ ವಿಡಿಯೋ ಮನೆ ಅಟ್ಟದ ಮೇಲಿದೆ. ಕಡಿದಾದ ಒಂದೇ ಮೆಟ್ಟಿಲು, ಒಂದೇ ಬಾಗಿಲು. ಲೈಸೆನ್ಸ್ ಇಲ್ಲದ್ದರಿಂದ, ಪೊಲೀಸರ ಹೆದರಿಕೆಗೆ, ಆಟ ಶುರುವಾದೊಡನೆ ಒಳಗಿನಿಂದ ಅಗಳಿ ಜಡಿಯುತ್ತಾರೆ. ಸೈದಾನಬಿ ಆ ನೋಯುವ ಕಾಲಿನಲ್ಲಿ ಮೂರು ಸಲ ಮೆಟ್ಟಿಲು ಹತ್ತಿ, ಅಗಳಿ ಹಾಕಬೇಡಿ ಎಂದು ಬೇಡಿಕೊಂಡಿದ್ದಾರೆ. ಮೊದಲೆರಡು ಸಲ ನಕ್ಕರು. ಮೂರನೆಯ ಸಲ ಆಗಲಿ ಎಂದರು. ನಿನ್ನೆ ಸಂಜೆ ನಾನೇ ಹೋಗಿ ಒಳಗೆ ಕೂತು ನೋಡಿದೆ. ಅಗಳಿ ಬಿದ್ದೇ ಇತ್ತು, ಒಳಗೆ ಅರವತ್ತು ಮಂದಿ ಇದ್ದರು. ಅದನ್ನು ಸೈದಾನಬಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಆದರೂ ಹೇಳಿದೆ. "ನಾಳಿ ಮತ್ತ ಹೋಗ್ತೀನ್ರಿ" ಎಂದರು, ಅಷ್ಟೇ.

ಟಾಕೀಸು ಮುಚ್ಚಿದ ಮೇಲೆ ಯಂಕಮ್ಮನ ಮನೆಯಲ್ಲಿರುತ್ತಾರಂತೆ. ಅವಳು ಗಣಿಗೆ ಹೋದಾಗ ಕಿರಿಯ ಕೂಸನ್ನು ನೋಡಿಕೊಳ್ಳಬೇಕು.

ಎದ್ದು ಹೊರಟಾಗ ನಮ್ಮ ಪತ್ರಿಕೆಗೆಂದು ಫೋಟೋ ತೆಗೆಯಲು ಕೇಳಿದೆ. ಬೇಡವೆಂದರು. ಸೆರಗಿನ ಅಂಚು ಹೊಸೆಯುತ್ತ, ಮೊದಲ ಸಲ ತಾವಾಗಿ ಏನನ್ನೋ ಕೇಳಿದರು.

"ಆವಾಗ ಪೇಪರಿನ್ಯಾಗ ಬಂದಿತ್ರಿ. ನನಗ ಓದ್ಲಿಕ್ಕ ಬರಂಗಿಲ್ಲ, ಮಂದಿ ಓದಿ ಹೇಳಿದ್ರು. ಗೇಟ್ ಕೀಪರಳ ಮಗಳು ಸತ್ತಳು ಅಂತ ಇಷ್ಟೇ ಬರದಿದ್ರಂತ. ನನ್ನ ಫೋಟೋ ಬ್ಯಾಡ್ರಿ. ಆಕಿ ಹೆಸರು ಹಾಕ್ರಿ. ಹಮೀದಾಬೇಗಂ. ಎಂಟು ವರ್ಷದಾಕಿ. ಸಾಲಿಗಿ ಹೋಗ್ತಿದ್ಲು, ತನ್ನ ಹೆಸರು ತಾನೇ ಬರೀತಿದ್ಲು."