ಸಹಿ ಹಾಕಿದ ಆರು ಕಾಗದ

ಕ್ಷಮಿಸುವುದು ಅವಳಿಗೆ ಬರುವುದಿಲ್ಲ. ಬೇರೆ ಏನನ್ನು ಬೇಕಾದರೂ ಕಲಿಸಬಹುದು, ನಾನೇ ಕಲಿಸಿದ್ದೇನೆ. ಇದೊಂದು ಮಾತ್ರ ಅವಳ ತಲೆಗೆ ಹತ್ತುವುದಿಲ್ಲ. ಇಂಥವರನ್ನು ಜನ ಸ್ವಾಭಿಮಾನಿ ಎಂದು ಹೊಗಳುತ್ತಾರೆ. ನಾನು ಕಲ್ಲು ಎನ್ನುತ್ತೇನೆ.

ತರಗತಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಮ್ಮ ಎನ್ನುತ್ತಿದ್ದರು. ಈ ದೇಶಕ್ಕೆ ಬಂದ ನಮ್ಮವರಿಗೆ ಇಲ್ಲಿನ ಭಾಷೆ ಕಲಿಸಲು ನಾನು ನಿವೃತ್ತಿಯಾದ ಮೇಲೆ ನಡೆಸುತ್ತಿದ್ದ ತರಗತಿ ಅದು. ಭಾನುವಾರ ಮಧ್ಯಾಹ್ನ, ಗ್ರಂಥಾಲಯದ ಮಹಡಿಯ ಕೋಣೆ, ಒಂದು ಉದ್ದನೆಯ ಮೇಜು, ಹನ್ನೊಂದು ಕುರ್ಚಿ. ಬರುವವರು ಹೆಚ್ಚಾಗಿ ಹೊಸಬರೇ. ಇಸ್ತ್ರಿಯಮ್ಮ ಈ ದೇಶಕ್ಕೆ ಬಂದು ಮಾತ್ರ ಆಗಲೇ ಆರು ವರ್ಷ ದಾಟಿತ್ತು. ಅಷ್ಟು ವರ್ಷಗಳಲ್ಲಿ ಅವಳು ಕಲಿತದ್ದು ಮೂರು ಮಾತು: ನಮಸ್ಕಾರ, ಬಿಸಿ, ಆಯಿತು. ಮಿಕ್ಕಿದ್ದನ್ನೆಲ್ಲ ಅವಳ ಪರವಾಗಿ ಓರಗಿತ್ತಿ ಆಡುತ್ತಿದ್ದಳು.

ಇಸ್ತ್ರಿಯಮ್ಮನ ಅಪ್ಪ ದರ್ಜಿ. ಅಂಗಡಿಯ ಮೇಜಿನ ಕೆಳಗೆ ಬಿದ್ದ ತುಂಡು ಬಟ್ಟೆಗಳ ಮೇಲೆ ಅಂಬೆಗಾಲಿಟ್ಟು ಬೆಳೆದವಳು ಇವಳು. ಹನ್ನೆರಡಕ್ಕೆ ಚಾಕ್ ಹಿಡಿದಳು, ಹದಿನೆಂಟಕ್ಕೆ ಕತ್ತರಿ ಪೂರ್ತಿ ಅವಳ ಕೈಗೆ ಬಂತು. "ಅಪ್ಪ ಹೊಲೀತಿದ್ರು, ನಾನು ಕತ್ತರಿಸ್ತಿದ್ದೆ. ಗಿರಾಕಿಗಳಿಗೆ ಮಾತ್ರ ಉಲ್ಟಾ ಹೇಳ್ತಿದ್ವಿ" ಎಂದು ಒಮ್ಮೆ ನನಗೆ ಹೇಳಿದ್ದಳು. ಮದುವೆಯಾಗಿ ಇಲ್ಲಿಗೆ ಬರುವಾಗ ಹತ್ತಿಂಚಿನ ಕತ್ತರಿಯನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಬಂದಳು. ಅದು ಆರು ವರ್ಷ ಮಂಚದ ಕೆಳಗೇ ಇತ್ತು.

ಭಾವ ಮತ್ತು ಓರಗಿತ್ತಿ ಈ ದಂಪತಿಗಿಂತ ಹನ್ನೆರಡು ವರ್ಷ ಮೊದಲು ಬಂದು ನೆಲೆಯೂರಿದ್ದರು. ಎರಡು ಸಂಸಾರಕ್ಕೂ ಒಂದೇ ಕಟ್ಟಡ. ಅವರು ಮೇಲೆ, ಇವರು ಕೆಳಗೆ. ಓರಗಿತ್ತಿ ಕೆಲಸ ಮಾಡುತ್ತಿದ್ದ ಲಾಂಡ್ರಿಯಲ್ಲೇ ಇವಳಿಗೂ ಕೆಲಸ ಕೊಡಿಸಿದಳು. ಹೋಟೆಲು, ಆಸ್ಪತ್ರೆಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ. ಒದ್ದೆ ಬೆಡ್‌ಶೀಟಿನ ಎರಡೆರಡು ಮೂಲೆಯನ್ನು ಇಬ್ಬರು ಹಿಡಿದು, ತಲೆಗಿಂತ ಮೇಲೆತ್ತಿ, ಫಟ್ ಎಂದು ಒದರಿ, ಬಿಸಿ ರೋಲರಿನ ಬಾಯಿಗೆ ನೆಟ್ಟಗೆ ಕೊಡಬೇಕು. ಒಬ್ಬಳ ಕೈ ಹಿಂದೆ ಬಿದ್ದರೆ ಸುಕ್ಕು ಬೀಳುತ್ತದೆ, ಸುಕ್ಕು ಬಿದ್ದದ್ದು ವಾಪಸು ಬರುತ್ತದೆ.

ಓರಗಿತ್ತಿಯ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಇಸ್ತ್ರಿಯಮ್ಮನಿಗೆ ಮೊದಲ ವಾರದಲ್ಲೇ ಅದು ತಿಳಿಯಿತು. ಓರಗಿತ್ತಿ ನೆರವು ಕೇಳಲಿಲ್ಲ, ಇವಳು ಗೊತ್ತಾಯಿತೆಂದು ಹೇಳಲಿಲ್ಲ. ತನ್ನ ಮೂಲೆಗಳನ್ನು ಇನ್ನೂ ಎತ್ತರಕ್ಕೆ ಎತ್ತಿ, ಒದರುವುದನ್ನು ತಾನೊಬ್ಬಳೇ ಒದರಿ, ಆ ತುದಿಯವಳು ಬರೀ ಹಿಡಿದುಕೊಂಡಿದ್ದರೆ ಸಾಕು ಎನ್ನುವಂತೆ ಮಾಡಿಕೊಂಡಳು. ದಿನಕ್ಕೆ ನಾನೂರು ಬೆಡ್‌ಶೀಟು.

ಅದೇ ಕಟ್ಟಡದ ಮಹಡಿಯಲ್ಲಿ ಹೊಲಿಗೆ ವಿಭಾಗವಿತ್ತು. ಪರದೆ, ದಿಂಬಿನ ಚೀಲ, ಆಸ್ಪತ್ರೆಯ ಗೌನು ಎಲ್ಲ ಅಲ್ಲೇ ತಯಾರಾಗುತ್ತಿದ್ದವು. ಕೆಳಗಿನಿಂದ ತಲೆಯೆತ್ತಿದರೆ ಗಾಜಿನಾಚೆ ಕತ್ತರಿಸುವ ಮೇಜು ಕಾಣುತ್ತಿತ್ತು. ಮೊದಲ ವರ್ಷ ಒಂದು ದಿನ ಪರದೆ ಬಟ್ಟೆಯನ್ನು ಅಡ್ಡ ಕತ್ತರಿಸಿ ಹಾಳುಮಾಡಿದ್ದರು. ಇವಳು ಹೋಗಿ, ಮಾತಿಲ್ಲದೆ, ಅದೇ ಬಟ್ಟೆಯಲ್ಲಿ ಎರಡು ಸಣ್ಣ ಪರದೆ ಕತ್ತರಿಸಿಕೊಟ್ಟು ಬಂದಳು. ಮೇಲ್ವಿಚಾರಕಿ ಅದನ್ನು ನೋಡಿದ್ದಳು.

ಅಲ್ಲಿಂದ ವರ್ಷಕ್ಕೊಮ್ಮೆ ಮೇಲ್ವಿಚಾರಕಿ ತನ್ನ ಕೋಣೆಗೆ ಕರೆಯುವಳು. ಇವಳು ಕುರ್ಚಿಯ ಅಂಚಿನಲ್ಲಿ ಕೂರುವಳು, ಪಕ್ಕದಲ್ಲಿ ಓರಗಿತ್ತಿ. ಮೇಲ್ವಿಚಾರಕಿ ಏನೋ ಕೇಳುವಳು, ಓರಗಿತ್ತಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಏನೋ ಉತ್ತರ ಕೊಡುವಳು. ಆಮೇಲೆ ಇವಳ ಕಡೆ ತಿರುಗುವಳು.

"ಏನಂತೆ ಅಕ್ಕ?"

"ಅದೇ ಹಳೇ ರಾಗ. ಕತ್ತರಿ ಕೆಲಸ ಇಲ್ಲಿ ಸರ್ಟಿಫಿಕೇಟ್ ಇರೋರಿಗೆ ಮಾತ್ರ ಅಂತೆ. ಈ ವರ್ಷಾನೂ ಕೆಳಗೇ ಇರು ಅಂತಿದಾರೆ. ಇಲ್ಲಿ ಸಹಿ ಹಾಕು."

ಇವಳು ನಗುತ್ತಾ ತಲೆಯಾಡಿಸಿ ಸಹಿ ಹಾಕುವಳು.

ನನ್ನ ತರಗತಿಗೆ ಅವಳು ಬಂದದ್ದೇ ಆ ಸರ್ಟಿಫಿಕೇಟಿಗಾಗಿ. ಭಾಷೆ ಬಂದರೆ ತಾನೇ ಪರೀಕ್ಷೆ ಕಟ್ಟುವುದು? ಓರಗಿತ್ತಿ ನಕ್ಕಳಂತೆ. "ನಾನೇನು ಸತ್ತೋದ್ನಾ ನಿನ್ನ ಪರವಾಗಿ ಮಾತಾಡೋಕೆ? ಮೂವತ್ನಾಲ್ಕಕ್ಕೆ ಅಕ್ಷರಾಭ್ಯಾಸ ಬೇರೆ ಕೇಡು." ಅಷ್ಟಾದರೂ ಬಂದಳು. ಒಂದು ಭಾನುವಾರವೂ ತಪ್ಪಿಸಲಿಲ್ಲ.

ಪಠ್ಯಪುಸ್ತಕದಲ್ಲಿ ನನಗೆ ನಂಬಿಕೆಯಿಲ್ಲ. ಪುಸ್ತಕದೊಳಗಿನ ಜನ ಸದಾ ಹವಾಮಾನದ ಬಗ್ಗೆ ಮಾತಾಡುತ್ತಿರುತ್ತಾರೆ. ಐದನೆಯ ತಿಂಗಳಲ್ಲಿ ನಾನು ಕೊಡುವ ಪಾಠ ಇಷ್ಟೇ: ನೀವು ಸಹಿ ಹಾಕಿದ ಕಾಗದ ಮನೆಯಲ್ಲಿ ಏನಿದೆಯೋ ತನ್ನಿ, ಎಲ್ಲರೆದುರು ಗಟ್ಟಿಯಾಗಿ ಓದಿ. ಆ ಭಾನುವಾರ ಬ್ರೆಡ್ ವ್ಯಾನಿನ ಚಾಲಕ ತನ್ನ ಬಾಡಿಗೆ ಕರಾರು ಓದಿದ. ಮನೆಯಲ್ಲಿ ಬೆಕ್ಕು ಸಾಕುವುದಿಲ್ಲ ಎಂದು ಬರೆದುಕೊಟ್ಟಿರುವುದು ಅವನಿಗೆ ಆಗ ಗೊತ್ತಾಯಿತು.

"ಮೂರಿದೆ ಮೇಡಂ" ಎಂದ.

"ಮೂರು ಅಂತ ಬರೆದಿಲ್ವಲ್ಲ, ಬೆಕ್ಕು ಅಂತ ತಾನೇ ಬರೆದಿರೋದು, ಬಿಡಿ" ಎಂದಳು ಇಸ್ತ್ರಿಯಮ್ಮ. ಎಲ್ಲರೂ ನಕ್ಕರು. ಆ ನಗು ಮುಗಿಯುವ ಮೊದಲೇ ಅವಳು ತನ್ನ ಕಾಗದ ತೆಗೆದಳು.

ಬೆರಳಿಟ್ಟು ಓದಿದಳು. ಕೆಲಸಗಾರ್ತಿಯ ಹೆಸರು, ವಿಭಾಗ, ತಾರೀಖು. ಆಮೇಲೆ: ಕತ್ತರಿಸುವ ವಿಭಾಗದಲ್ಲಿ ಜಾಗ ಕೊಡುವುದಾಗಿ ಇವರಿಗೆ ಹೇಳಲಾಯಿತು. ಬೇಡವೆಂದು, ಈಗಿನ ಕೆಲಸವೇ ತಮಗೆ ಇಷ್ಟವೆಂದು ತಿಳಿಸಿದ್ದಾರೆ.

ಬೆರಳು ಅಲ್ಲೇ ನಿಂತಿತು.

"ಮೇಡಂ, ನಾನು ತಪ್ಪು ಓದಿದ್ನಾ?"

"ಇಲ್ಲ. ಸರಿಯಾಗಿ ಓದಿದೆ."

"ತಪ್ಪು ಓದಿದೀನಿ, ನೋಡಿ."

ಇನ್ನೊಮ್ಮೆ ಓದಿಸಿದೆ. ಪ್ಲಾಸ್ಟಿಕ್ ಕವರಿನಲ್ಲಿ ಅವಳು ಆರು ವರ್ಷದ ಆರು ಕಾಗದವನ್ನೂ ಜೋಡಿಸಿ ತಂದಿದ್ದಳು. ಒಂದೊಂದಾಗಿ ಆರನ್ನೂ ಓದಿದಳು. ತಾರೀಖು ಬೇರೆ, ಒಕ್ಕಣೆ ಒಂದೇ. ಆರನೆಯದರಲ್ಲಿ ಒಂದು ಸಾಲು ಹೆಚ್ಚಿತ್ತು: ಇನ್ನು ಮುಂದೆ ಈ ವಿಷಯ ತಮ್ಮನ್ನು ಕೇಳುವುದು ಬೇಡವೆಂದಿದ್ದಾರೆ. ಪ್ರತಿಯೊಂದರ ಕೆಳಗೂ ಅವಳದೇ ದುಂಡನೆಯ ಸಹಿ. ಆ ವರ್ಷ ನನ್ನ ತರಗತಿಯಲ್ಲಿ ಯಾರೂ ಅಷ್ಟು ತಪ್ಪಿಲ್ಲದೆ ಓದಿರಲಿಲ್ಲ. ಆದರೆ ಭೇಷ್ ಎನ್ನುವ ಹೊತ್ತು ಅದಲ್ಲ.

ಮನೆಯಲ್ಲಿ ನಡೆದದ್ದನ್ನು ಮುಂದಿನ ವಾರ ಹೇಳಿದಳು. ಗಂಡ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವನು, ಇಲ್ಲಿನ ಭಾಷೆ ಅಷ್ಟಿಷ್ಟು ಬಲ್ಲವನು. ಊಟಕ್ಕೆ ಕೂತಿದ್ದವನ ಮುಂದೆ ಕಾಗದ ಇಟ್ಟಳಂತೆ.

"ನಿಮಗೆ ಗೊತ್ತಿತ್ತಾ?"

"ಮೂರನೇ ವರ್ಷ ಗೊತ್ತಾಯ್ತು. ಅತ್ತಿಗೇನೇ ಹೇಳಿದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಮನೆ ಒಡೀಬಾರ್ದು ಅಂತ. ನಾನೇನು ಸುಳ್ಳು ಹೇಳ್ಲಿಲ್ಲ ಕಣೇ. ಬರೀ ಹೇಳ್ದೆ ಇದ್ದೆ, ಅಷ್ಟೇ."

"ಅಳಿಯ ಅಲ್ಲ, ಮಗಳ ಗಂಡ" ಎಂದು ಎದ್ದು ಹೋದಳಂತೆ.

ಸೋಮವಾರ ಒಬ್ಬಳೇ ಮೇಲ್ವಿಚಾರಕಿಯ ಕೋಣೆಗೆ ಹೋದಳು. ಮೇಲ್ವಿಚಾರಕಿ ಮೊದಲು ಇವಳ ಬೆನ್ನ ಹಿಂದೆ ನೋಡಿದಳು, ಓರಗಿತ್ತಿ ಎಲ್ಲಿ ಎಂದು. ಇವಳು ಆರು ಕಾಗದ ಮೇಜಿನ ಮೇಲಿಟ್ಟು, ಇಲ್ಲಿನ ಭಾಷೆಯಲ್ಲೇ, "ನಾನು ಬೇಡ ಅಂದಿಲ್ಲ. ಯಾವತ್ತೂ ಅಂದಿಲ್ಲ. ನನಗೆ ಕತ್ತರಿ ಬೇಕು" ಎಂದಳು. ಆ ವಾಕ್ಯಗಳನ್ನು ನಾನು ಬರೆದುಕೊಟ್ಟಿರಲಿಲ್ಲ.

"ಪ್ರತಿ ವರ್ಷ ನೀನೇ ನಗ್ತಾ ತಲೆಯಾಡಿಸಿದೆಯಲ್ಲ" ಎಂದಳಂತೆ ಮೇಲ್ವಿಚಾರಕಿ.

ಅದಕ್ಕೆ ಉತ್ತರ ನನ್ನ ಬಳಿ ಇದೆ. ಹಿರಿಯರು ಮಾತಾಡುವಾಗ ಕಿರಿಯರು ನಡುವೆ ಬಾಯಿ ಹಾಕಬಾರದು, ಮುಖ ಗಂಟಿಕ್ಕಬಾರದು ಎಂದು ನಾವು ಹೆಣ್ಣುಮಕ್ಕಳನ್ನು ತಿದ್ದಿ ಬೆಳೆಸುತ್ತೇವೆ. ನಮ್ಮಲ್ಲಿ ಆ ತಲೆಯಾಡಿಸುವಿಕೆಗೆ ಒಪ್ಪಿಗೆ ಎಂಬ ಅರ್ಥವೇ ಇಲ್ಲ, ಅದು ಬರೀ ಮರ್ಯಾದೆ. ಇಲ್ಲಿ ಅದನ್ನು ಕಡತಕ್ಕೆ ಸೇರಿಸಿದರು.

ಎರಡು ತಿಂಗಳಿಗೆ ಇವಳು ಮಹಡಿಗೆ ಹೋದಳು. ಕೆಳಗೆ ಓರಗಿತ್ತಿಯ ಎದುರಿಗೆ ಹೊಸಬಳು ಬಂದಳು. ಎಂಟೇ ದಿನದಲ್ಲಿ ಬಲಗೈಯ ಗುಟ್ಟು ಬಯಲಾಯಿತು. ಓರಗಿತ್ತಿಯನ್ನು ಆಸ್ಪತ್ರೆಯ ಕೊಳೆ ಬಟ್ಟೆ ವಿಂಗಡಿಸುವ ಕೋಣೆಗೆ ಹಾಕಿದರು. ಅದಕ್ಕಿಂತ ಕೆಳಗಿನ ಕೆಲಸ ಆ ಕಟ್ಟಡದಲ್ಲಿಲ್ಲ.

ಓರಗಿತ್ತಿ ನನ್ನನ್ನು ಹುಡುಕಿಕೊಂಡು ಬಂದಳು. ಎಡಗೈಯಲ್ಲಿ ಬಾಗಿಲು ದೂಡಿದಳು. ಕೋಟು ಬಲಭುಜದ ಮೇಲೆ ಬರೀ ಹೊದ್ದಂತಿತ್ತು, ತೋಳು ಖಾಲಿ ನೇತಾಡುತ್ತಿತ್ತು.

"ನೀವು ಓದಕ್ಕೆ ಕಲಿಸಿದ್ರಿ, ನಮ್ಮನೆ ಮುರೀತು."

"ಓದಿದ್ದಕ್ಕೆ ಮುರಿಯೋ ಮನೆ ಮೊದಲೇ ಬಿರುಕು ಬಿಟ್ಟಿರತ್ತೆ" ಎಂದೆ.

ಅವಳು ಕೂತಳು. "ಬೇರೆ ಯಾರೇ ಎದುರಿಗೆ ನಿಂತಿದ್ರೂ ನನ್ನ ಕೆಲಸ ಹೋಗ್ತಿತ್ತು ಮೇಡಂ. ಇವಳಿಗೆ ಗೊತ್ತಾದ್ರೂ ಹೇಳ್ತಿರ್ಲಿಲ್ಲ."

"ಇರು ಅಂತ ಅವಳನ್ನೇ ಕೇಳಬಹುದಿತ್ತು."

"ಹೆಂಗೆ ಕೇಳೋದು? ಕೆಲಸ ಕೊಡ್ಸಿದೋಳು ನಾನು. ಮನೆಗೆ ದೊಡ್ಡೋಳು ನಾನು."

ಇದನ್ನು ನಾನು ಇಸ್ತ್ರಿಯಮ್ಮನಿಗೆ ತಿಳಿಸಿದೆ. ಮಧ್ಯಸ್ಥಿಕೆ ನನ್ನ ಸ್ವಭಾವವಲ್ಲ, ಆದರೂ ತಿಳಿಸಿದೆ.

"ಕೈ ಎತ್ತಕ್ಕಾಗಲ್ಲ ಅನ್ನೋದು ತಪ್ಪಲ್ಲ ಮೇಡಂ" ಎಂದಳು. "ನನ್ನ ಬಾಯಿ ಅವಳ ಕೈಗೆ ಕೊಟ್ಟಿದ್ದೆ. ಅದರಲ್ಲೇ ನಾನು ಬೇಡ ಅಂದೆ ಅಂತ ಹೇಳಿದ್ಲಲ್ಲ, ಅದು ತಪ್ಪು. ನಂಬಿಸಿ ಕತ್ತು ಕೊಯ್ದಳು."

"ಕೇಳಿದ್ದಿದ್ರೆ ಉಳೀತಿದ್ಯಾ?"

"ಉಳೀತಿದ್ದೆ. ಅದಕ್ಕೇ ಹೊಟ್ಟೆ ಉರಿಯೋದು."

ಆಮೇಲೆ ಎರಡು ವರ್ಷ ಓರಗಿತ್ತಿಯ ಜೊತೆ ಒಂದು ಮಾತಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಮುಖ ತಿರುಗಿಸಿ ನಿಲ್ಲುವಳು. ಭಾವ ಎರಡು ಸಲ ಬಂದು ಬೇಡಿಕೊಂಡ. ಚಹಾ ಕೊಟ್ಟು ಕಳಿಸಿದಳು. ಓರಗಿತ್ತಿ ಜ್ವರದಲ್ಲಿ ಹದಿನೈದು ದಿನ ಮಲಗಿದಾಗಲೂ ಹನ್ನೆರಡು ಮೆಟ್ಟಿಲು ಹತ್ತಲಿಲ್ಲ. ಗಂಡನ ಜೊತೆ ಬೇಕಾದಷ್ಟೇ ಮಾತು, ಅಳೆದು ಕತ್ತರಿಸಿದಂತೆ. ಕಲ್ಲು ಎಂದು ನಾನು ತೀರ್ಮಾನಿಸಿದ್ದು ಆಗ.

ತರಗತಿಗೆ ಮಾತ್ರ ಬರುತ್ತಲೇ ಇದ್ದಳು, ಈಗ ಬರೆಯುವುದನ್ನು ಕಲಿಯಲು. ಕಳೆದ ತಿಂಗಳು ಒಂದು ಭಾನುವಾರ ತರಗತಿಗೆ ಒಂದು ಗಂಟೆ ಮುಂಚೆಯೇ ಬಂದು, ಉದ್ದನೆಯ ಮೇಜು ಬೇಕು ಎಂದಳು. ಚೀಲದಿಂದ ಬೂದು ಬಣ್ಣದ ಉಣ್ಣೆಯ ಕೋಟು ತೆಗೆದು ಹಾಸಿ, ಕೊನೆಯ ಗುಂಡಿ ಹೊಲಿಯತೊಡಗಿದಳು. ಕತ್ತರಿಸಿದ್ದು ಅಚ್ಚುಕಟ್ಟಾಗಿತ್ತು. ಆದರೆ ಬಲಗಡೆ ಕುತ್ತಿಗೆಯಿಂದ ಮುಂಗೈವರೆಗೂ ತೋಳು ಉದ್ದಕ್ಕೆ ತೆರೆದೇ ಇತ್ತು.

"ಇದೇನು, ಹೊಲಿಯೋದು ಮರೆತ್ಯಾ?"

"ಇಲ್ಲ."

ಹತ್ತಿರ ಹೋಗಿ ನೋಡಿದೆ. ತೆರೆದ ಅಂಚಿನುದ್ದಕ್ಕೂ ದೊಡ್ಡ ದೊಡ್ಡ ಗುಂಡಿಗಳು, ಎಡಗೈಗೆ ಸಿಗುವ ಹಾಗೆ. ಕೈ ಎತ್ತದೆಯೇ ಹಾಕಿಕೊಳ್ಳಬಹುದಾದ ಕೋಟು.

"ಅಳತೆ ಯಾವಾಗ ತಗೊಂಡೆ?"

"ಆರು ವರ್ಷ ಎದುರಿಗೇ ನಿಂತಿದ್ನಲ್ಲ" ಎಂದಳು, ಸೂಜಿಯಿಂದ ಕಣ್ಣು ತೆಗೆಯದೆ.

"ಹಾಗಾದ್ರೆ ಮಾತಾಡಿಸ್ತೀಯಾ?"

"ಇಲ್ಲ. ನಾಳೆ ಭಾವ ಪುಸ್ತಕ ಹಿಂತಿರುಗಿಸಕ್ಕೆ ಇಲ್ಲಿಗೆ ಬರ್ತಾರೆ. ಅವರ ಕೈಗೆ ನೀವೇ ಕೊಡಿ. ಯಾರು ಮಾಡಿದ್ದು ಅಂತ ಗೊತ್ತಾಗಬಾರ್ದು."

"ನಾನು ಸುಳ್ಳು ಹೇಳೋದಿಲ್ಲ."

"ಸುಳ್ಳು ಹೇಳ್ಬೇಡಿ ಮೇಡಂ. ಬರೀ ಹೇಳ್ದೆ ಇರಿ."

ದಾರವನ್ನು ಹಲ್ಲಿನಿಂದ ಕಡಿದಳು. ಭಾರದ ಕೋಟು, ಮಡಿಸಲು ಇಬ್ಬರು ಬೇಕು. ಒಂದು ತುದಿ ಹಿಡಿಯಲು ನಾನು ಕೈ ಚಾಚಿದೆ. ಅವಳು ಬೇಡವೆಂದು ತಲೆಯಾಡಿಸಿ, ಕಾಲರನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ತೆರೆದ ತೋಳನ್ನು ಒಳಕ್ಕೆ ಸೇರಿಸಿ, ಒಬ್ಬಳೇ ಮಡಿಸಿದಳು.